ಮೆಣಸಿನಕಾಯಿ ಚೀಲದ ಕೆಳಗಿನ ಸರಪಳಿ

ಬೈಲಹೊಂಗಲದ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಜೋಡಿ ಸರಪಳಿ ತೂಗುಹಾಕಿದ್ದೇನೆ. ಎರಡು ಉದ್ದನೆಯ ಸರಪಳಿಗಳ ನಡುವೆ ಅಡ್ಡಡ್ಡ ತುಂಡುಗಳನ್ನು ಬೆಸೆದು ಮಾಡಿದವು. ನೆಲಕ್ಕೆ ಹಾಸಿದರೆ ಕಬ್ಬಿಣದ ನಿಚ್ಚಣಿಕೆಯ ಹಾಗೆ ಕಾಣುತ್ತವೆ. ಅವುಗಳನ್ನು ನೋಡಿದವರೆಲ್ಲ ಕೇಳುವುದು ಒಂದೇ.

"ಆನಿ ಸಾಕೀರೇನ್ರಿ?"

"ಇಲ್ಲ, ಲಾರಿ ಗಾಲಿಗೆ ಕಟ್ಟೂವು."

"ಯಾಕ್ರಿ, ಕಟ್ಟದಿದ್ರ ಓಡಿ ಹೋಗತೈತೇನು?"

ಅವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಒಳಗೊಳಗೆ ಆ ಪ್ರಶ್ನೆಗೆ ಹೌದು ಎಂದೇ ಉತ್ತರ ಕೊಡಬೇಕೆನಿಸುತ್ತದೆ. ನಮ್ಮ ಲಾರಿ ಓಡಿಹೋಗುವಂಥದೇ. ಅದನ್ನು ಕಟ್ಟಿಹಾಕಲು ವರ್ಷಗಟ್ಟಲೆ ಒದ್ದಾಡಿದವನು ನಾನು.

ಲಾರಿಯಲ್ಲಿ ನಮಗಿಬ್ಬರಿಗೆ ಪಾಲು. ಇನ್ನೊಬ್ಬ ನನ್ನ ಸಾಲಿ ಗೆಳೆಯ. ಅವನ ಮನೆತನದಲ್ಲಿ ಅಜ್ಜ ಟಾಂಗಾ ಹೊಡೆದವರು, ಅಪ್ಪ ಹತ್ತಿ ಜಿನ್ನಿನ ಲಾರಿ ಹೊಡೆದವರು. ಇವನಿಗೆ ಸ್ಟೇರಿಂಗು ರಕ್ತದಲ್ಲೇ ಬಂದಿದೆ. ನಮ್ಮ ಮನೆತನದಲ್ಲಿ ಪಂಚಾಂಗ. ಅಪ್ಪ ತಿಥಿ, ವಾರ, ನಕ್ಷತ್ರ ನೋಡಿ ಊರಿಗೆಲ್ಲ ಮುಹೂರ್ತ ಹೇಳುತ್ತಿದ್ದರು. ನಾನು ಮೊಬೈಲಿನಲ್ಲಿ ಹವಾಮಾನ ನೋಡಿ ನನಗೆ ನಾನೇ ಅಪಶಕುನ ಹೇಳಿಕೊಳ್ಳುತ್ತೇನೆ. ಪಾಲುದಾರಿಕೆಯ ಕೆಲಸ ಹೇಗೆ ಹಂಚಿಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ ಗೆಳೆಯನ ಉತ್ತರ ಸಿದ್ಧವಿರುತ್ತದೆ: "ಗಾಡಿ ನಾ ಹೊಡೀತೇನಿ, ಚಿಂತಿ ಅವ ಮಾಡತಾನ. ಇಬ್ಬರಿಗೂ ಬಿಡುವಿಲ್ಲ."

ಸುಳ್ಳಲ್ಲ. ಅವನು ಪಂಜಾಬಿಗೆ ಹತ್ತಿ ಒಯ್ದರೆ ನಾನು ಇಲ್ಲಿ ಕುಳಿತು ಪಂಜಾಬಿನ ಮಂಜಿಗೆ ಹೆದರುತ್ತೇನೆ. ರಾಜಸ್ಥಾನಕ್ಕೆ ಹೋದರೆ ಅಲ್ಲಿಯ ಬಿಸಿಲಿಗೆ ಟಯರು ಒಡೆಯುವ ಸಪ್ಪಳ ನನಗೆ ಇಲ್ಲಿ ಊಟದ ಹೊತ್ತಿಗೆ ಕೇಳಿಸುತ್ತದೆ. ಐವತ್ತು ದಾಟಿದ ಮೇಲೆ ಈ ರೋಗ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಅದಕ್ಕೂ ಅನುಭವ ಬಂದು ಇನ್ನಷ್ಟು ಚುರುಕಾಯಿತು.

ಹಾಗಾಗಿ ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಾನೊಂದು ಮಾತು ತೆಗೆದೆ. ಉತ್ತರದ ಲೈನು ಸಾಕು. ಇಲ್ಲೇ ಕಾರ್ಖಾನೆಗೆ ಕಬ್ಬು, ಹುಬ್ಬಳ್ಳಿಗೆ ಉಳ್ಳಾಗಡ್ಡಿ ಹೊಡೆದುಕೊಂಡು ಸಂಜೆ ಮನೆಗೆ ಬಂದು ಇರೋಣ.

ಗೆಳೆಯನ ಮುಖ ಸಣ್ಣದಾಯಿತು. ಅವನು ಜಗಳ ಆಡುವವನಲ್ಲ. ಚಹಾದ ಕಪ್ಪು ಕೆಳಗಿಟ್ಟು ಹೇಳಿದ: "ಸಂಜೀಕ ಮನೀಗೆ ಬಂದು ಏನ್ ಮಾಡಲೋ? ನಿನ್ನ ಮಾರಿ ನೋಡಲೇನು? ಆ ದೂರದ ದಾರಿ ಒಂದ ನೋಡ ನನಗ ಇರೂದು. ಅದನ್ನೂ ಕಸಗೋತೀ?"

ಆ ಹೊತ್ತಿಗೇ ಸವದತ್ತಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಲೋಡು ಬಂದಿತ್ತು. ಹೋಗಬೇಕಾದದ್ದು ಕಾಶ್ಮೀರಕ್ಕೆ, ಅಲ್ಲಿಯ ಮಸಾಲೆ ಗಿರಣಿಗೆ. ಕಾಶ್ಮೀರದವರಿಗೆ ನಮ್ಮ ಮೆಣಸಿನಕಾಯಿ ಯಾಕೆ ಎಂದು ಕೇಳಿದ್ದಕ್ಕೆ ಆ ವ್ಯಾಪಾರಿ, "ಬಣ್ಣ ನಮ್ಮದು, ಹೆಸರು ಅವರದು. ನಿಮಗ್ಯಾಕ ಬೇಕ್ರಿ ಅದು, ಮುಟ್ಟಿಸಿ ಬರ್ರಿ" ಎಂದರು. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಈ ಒಂದು ಫೇರಿ ಸುರಳೀತ ಆದರೆ ಉತ್ತರದ ಲೈನು ಉಳಿಯುತ್ತದೆ, ನಾನು ಮತ್ತೆ ಬಾಯಿ ತೆರೆಯುವುದಿಲ್ಲ. ಏನಾದರೂ ಎಡವಟ್ಟಾದರೆ ಲಾರಿ ಮುಂದೆಂದೂ ಉತ್ತರಕ್ಕೆ ಬೆಳಗಾವಿ ದಾಟುವುದಿಲ್ಲ. ನನ್ನ ಹೆಂಡತಿ ಸಾಕ್ಷಿ. ಗೆಳೆಯ ನನ್ನ ಕೈಮೇಲೆ ಕೈ ತಟ್ಟಿ, ಅವಳ ಕಡೆ ತಿರುಗಿ, "ವೈನಿ, ನೀವ ಕೇಳೀರಿ ಮತ್ತ" ಎಂದು ಎದ್ದುಹೋದ.

ಒಪ್ಪಂದವಾದ ಗಳಿಗೆಯಿಂದ ನಾನು ಹಿಮದ ಅಭ್ಯಾಸಕ್ಕೆ ಕುಳಿತೆ. ಹಿಮ ಬೀಳುವಾಗ ಸರಪಳಿ ಇಲ್ಲದ ಲಾರಿಯನ್ನು ಘಾಟಿಗೆ ಬಿಡುವುದಿಲ್ಲ ಎಂಬುದು ಮೊದಲು ತಿಳಿಯಿತು. ಅಲ್ಲಿಗೆ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ. ಯಾವ ದೇಶದ ನಿಯಮ ಎಂದೂ ನೋಡದೆ ಸಿಕ್ಕಿದ್ದನ್ನೆಲ್ಲ ಓದಿದೆ. ಒಂದು ಕಡೆ ಹಿಮ ಇರಲಿ ಬಿಡಲಿ, ಚಳಿಗಾಲ ಮುಗಿಯುವ ತನಕ ಸರಪಳಿ ಗಾಡಿಯಲ್ಲೇ ಇರಬೇಕಂತೆ. ಇನ್ನೊಂದು ಕಡೆ ಬರಿ ಡಾಂಬರಿನ ಮೇಲೆ ಸರಪಳಿ ಕಟ್ಟಿಕೊಂಡು ಹೋದರೆ ದಂಡವಂತೆ. ಎಲ್ಲ ಕಡೆಗೂ ಒಪ್ಪುವಂಥವು ಕೆಲವೇ: ಎಂಜಿನ್ನು ತಿರುಗಿಸುವ ಗಾಲಿಗೇ ಕಟ್ಟಬೇಕು. ಟಯರಿನ ಅಳತೆಗೆ ಸರಿಯಾಗಿ ಕೂಡಬೇಕು. ಕಟ್ಟಿ ಸ್ವಲ್ಪ ದೂರ ಹೋಗಿ, ಇಳಿದು ಮತ್ತೆ ಬಿಗಿಯಬೇಕು. ಎತ್ತಿನ ಗಾಡಿಗಿಂತ ತುಸು ಜೋರಾಗಿ ಹೋಗಬೇಕು, ಅಷ್ಟೇ. ಕರಿ ರಸ್ತೆ ಕಂಡ ಕೂಡಲೇ ಬಿಚ್ಚಬೇಕು.

ಇದನ್ನೆಲ್ಲ ಗೆಳೆಯನಿಗೆ ದಿನಕ್ಕೆರಡು ಸಲ ಒಪ್ಪಿಸಿದೆ. ಅವನು, "ನಿಮ್ಮಪ್ಪಾರು ಮಂತ್ರ ಹಿಂಗ ಹೇಳತಿದ್ರು, ಆದ್ರ ಅವರು ಕಡೀಕ ಪ್ರಸಾದ ಆದ್ರೂ ಕೊಡತಿದ್ರು" ಎಂದ.

ಬೈಲಹೊಂಗಲದಲ್ಲಿ ಹಿಮದ ಸರಪಳಿ ಮಾರುವ ಅಂಗಡಿ ಇರುವುದಿಲ್ಲವೆಂಬುದು ನನಗೂ ಗೊತ್ತಿತ್ತು. ಆದರೂ ನಾಲ್ಕು ಕಡೆ ಕೇಳಿ ನಗೆಪಾಟಲಾದೆ. ದಾರಿಯಲ್ಲಿ ಎಲ್ಲಾದರೂ ಕೊಂಡರಾಯಿತು ಎಂದು ಗೆಳೆಯ ಅಂದದ್ದು ನನಗೆ ಸಮ್ಮತವಾಗಲಿಲ್ಲ, ದಾರಿಯಲ್ಲಿ ಸಿಗದಿದ್ದರೆ? ಕೊನೆಗೆ ಕಿತ್ತೂರಿನ ಒಬ್ಬ ವೆಲ್ಡಿಂಗ್ ಅಂಗಡಿಯವನ ಬಳಿಗೆ ಲಾರಿಯನ್ನೇ ತೆಗೆದುಕೊಂಡು ಹೋದೆವು. ಟ್ರ್ಯಾಕ್ಟರ್ ಟ್ರೇಲರು, ಬಾವಿಯ ಸರಪಳಿ, ಎಲ್ಲ ಮಾಡುವವನು. ನಾನು ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವನು ಚಿತ್ರ ನೋಡಿದ, ಲಾರಿ ನೋಡಿದ, ಆಮೇಲೆ ಆಕಾಶ ನೋಡಿದ.

"ಬರ್ಫ? ಕಿತ್ತೂರಾಗ ಬರ್ಫ ಅಂದ್ರ ಐಸ್‌ಕ್ಯಾಂಡಿ ಡಬ್ಬ್ಯಾಗ ಇರೂದು ಒಂದ ನೋಡ್ರಿ."

"ಇಲ್ಲಿ ಅಲ್ಲಪಾ, ಕಾಶ್ಮೀರದಾಗ."

"ಹಂಗಾರ ಅಲ್ಲೇ ಮಾಡಸ್ಬೇಕಿತ್ತಲ್ರಿ."

"ಅಲ್ಲಿ ಮುಟ್ಟಲಿಕ್ಕೇ ಇದು ಬೇಕು."

ಅವನು ಗೆಳೆಯನ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇನೋ ಎಂಬಂತೆ ಕೇಳಿದ: "ಇವ್ರು ಯಾವಾಗೂ ಹಿಂಗ ಏನು?"

"ಚಿಕ್ಕಂದಿನಿಂದ" ಎಂದ ಗೆಳೆಯ. "ಸಾಲ್ಯಾಗ ಇದ್ದಾಗ ಪರೀಕ್ಷಾಕ್ಕ ಎರಡು ಪೆನ್ನು ತರತಿದ್ದ. ಎರಡೂ ನಿಂತ್ರ ಅಂತ ಮತ್ತೊಂದು ನನ್ನ ಕಿಸೇದಾಗ ಇಡತಿದ್ದ."

ಅಂಗಡಿಯವನು ಹಿಂದಿನ ಗಾಲಿಗಳಿಗೆ ಹಗ್ಗ ಸುತ್ತಿ ಅಳತೆ ತೆಗೆದ. ಮುಂದಿನ ವಾರ ಹೋದಾಗ ಸರಪಳಿ ಸಿದ್ಧವಿತ್ತು. ಉಳಿದ ಒಂದು ಕೊಂಡಿಯನ್ನು ನನ್ನ ಅಂಗೈಗೆ ಹಾಕಿ, "ಇದನ್ನೂ ಇಟಗೋರ್ರಿ, ನಿಮ್ಮಂಥಾವರಿಗೆ ಕಾಯಂ ಒಂದು ಹೆಚ್ಚಿಂದು ಬೇಕು" ಎಂದ. ಅವನಿಗೆ ನನ್ನ ಗುಣ ಅಷ್ಟು ಬೇಗ ತಿಳಿದದ್ದಕ್ಕೆ ಬೇಸರವಾಯಿತು. ಆದರೆ ಕೊಂಡಿಯನ್ನು ಇಟ್ಟುಕೊಂಡೆ.

ಸರಪಳಿ ಬಂತು, ಕಟ್ಟುವುದನ್ನು ಕಲಿಯಬೇಡವೇ? ಹಿಮ ಎಲ್ಲಿಂದ ತರುವುದು? ಚಚಡಿಯ ಕಡೆಗೆ ಹೋಗುವಾಗ ಕಾಲುವೆಯ ನೀರು ಒಡೆದು ಹರಿದ ಒಂದು ಬಂಡಿದಾರಿ ಗೆಳೆಯನ ಕಣ್ಣಿಗೆ ಬಿದ್ದಿತ್ತು. ಎರಿ ಮಣ್ಣು ನೀರು ಕುಡಿದರೆ ಹೇಗಿರುತ್ತದೆ ಎಂಬುದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಕಾಲಿಟ್ಟರೆ ಚಪ್ಪಲಿ ಅದರ ಪಾಲು. "ಹಿಮಕ್ಕಿಂತ ಇದ ಕೆಟ್ಟದ್ದು. ಇಲ್ಲಿ ಪಾಸಾದ್ರ ಎಲ್ಲೂ ಪಾಸು" ಎಂದು ಗೆಳೆಯ ಖಾಲಿ ಲಾರಿಯನ್ನು ಅದರ ಅಂಚಿಗೆ ತಂದು ನಿಲ್ಲಿಸಿದ.

ಸರಪಳಿಯನ್ನು ಗಾಲಿಯ ಮುಂದೆ ಹಾಸಿದೆವು. ನಾನು ಮೊಬೈಲು ಹಿಡಿದು ನಿರ್ದೇಶನ ಕೊಡುತ್ತಿದ್ದೆ, ಗೆಳೆಯ ರಾಡಿಯಲ್ಲಿ ಮೊಣಕಾಲೂರಿ ಕೆಲಸ ಮಾಡುತ್ತಿದ್ದ. ಆಚೆ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬದುವಿನ ಮೇಲೆ ಬಂದು ನಿಂತರು.

"ಏನ್ ನಡಸೀರೋ ಯಪ್ಪಾ?" ಅವರಲ್ಲಿ ಹಿರಿಯಳು ಕೇಳಿದಳು.

"ಗಾಲಿಗೆ ಸರಪಳಿ ಹಾಕಾಕತ್ತೇವಿ, ಯಮ್ಮಾ."

"ಅಯ್ಯ, ಗಾಲಿಗೆ ಗೆಜ್ಜಿ ಪೈಜಣಾ! ಸೀರಿ ಯಾವಾಗ ಉಡಸ್ತೀರಿ?"

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಗಂಭೀರವಾಗಿ, ಇದು ಸರ್ಕಾರಿ ನಿಯಮ ಎಂದೆ. ಅದಕ್ಕೆ ಮತ್ತೂ ನಕ್ಕರು.

ಮೊದಲ ಸಲ ಕೊಂಡಿ ಸಡಿಲು ಬಿಟ್ಟಿದ್ದೆವು. ಗೆಳೆಯ ಲಾರಿಯನ್ನು ರಾಡಿಗಿಳಿಸಿದ. ಗಾಲಿ ನಾಲ್ಕು ಸುತ್ತು ತಿರುಗಿರಬೇಕು, ಅಷ್ಟರಲ್ಲಿ ಬಿಚ್ಚಿಕೊಂಡ ಸರಪಳಿಯ ತುದಿ ಮಡ್‌ಗಾರ್ಡಿಗೆ ಫಡ್ ಎಂದು ಬಡಿಯಿತು. ಬದುವಿನ ಮೇಲಿನ ನಗು ಒಮ್ಮೆಲೇ ನಿಂತಿತು. ಗೆಳೆಯ ಇಳಿದು ಬಂದು, ತಗಡು ಒಳಗೆ ಹೋದ ಜಾಗವನ್ನು ಕೈಯಿಂದ ಸವರಿದ. ಅದರ ಹಿಂದೆಯೇ ಬ್ರೇಕಿನ ಪೈಪು ಇತ್ತು. ಎರಡು ಬೆರಳಿನಷ್ಟು ಆಚೆ ಬಡಿದಿದ್ದರೆ ಪೈಪು ಹರಿಯುತ್ತಿತ್ತು. ಅವನು ನನ್ನನ್ನು ಚೇಷ್ಟೆ ಮಾಡಲಿಲ್ಲ. "ಸಡ್ಲ ಸರಪಳಿಗಿಂತ ಬರೇ ಗಾಲಿ ಚಲೋ" ಎಂದಷ್ಟೇ ಹೇಳಿ ಎರಡನೇ ಸಲ ತಾನೇ ಬಿಗಿದ. ಈ ಸಲ ಲಾರಿ ರಾಡಿಯನ್ನು ಅಗಿಯುತ್ತ ಆಚೆ ದಡಕ್ಕೆ ಹೋಯಿತು. ಹೆಂಗಸರು ಸೆರಗಿನಲ್ಲಿದ್ದ ಹಸಿ ಕಡಲೆಯನ್ನು ನಮಗೆ ಕೊಟ್ಟು ಕಳಿಸಿದರು.

ಇನ್ನು ನಮ್ಮ ಅವ್ವನ ವಿಷಯ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ದೂರದ ದಾರಿಗೆ ಹೋಗುವ ಗಾಡಿಯಲ್ಲಿ ಮಾಲು ಹೇರುವ ಮೊದಲು ಕಬ್ಬಿಣ ಬೀಳಬೇಕು, ಅದರ ಮೇಲೊಂದು ನಿಂಬೆಹಣ್ಣು. ಆಮೇಲೆ ಉಳಿದದ್ದು. ಎತ್ತಿನ ಬಂಡಿಗಳ ಕಾಲದಿಂದ ಬಂದ ರೂಢಿ. ಅದಕ್ಕಾಗಿಯೇ ಸವೆದುಹೋದ ನೇಗಿಲ ಕುಡ ಒಂದನ್ನು ಅವ್ವ ದೇವರ ಕೋಣೆಯ ಮೂಲೆಯಲ್ಲಿ ಇಟ್ಟಿದ್ದಾಳೆ. ಪ್ರತಿ ಫೇರಿಗೂ ಆ ಕುಡ ಲಾರಿಯ ತಳದಲ್ಲಿ ಪಂಜಾಬಿಗೋ ಗುಜರಾತಿಗೋ ಹೋಗಿಬರುತ್ತದೆ. ನಾನು ನೋಡದ ಊರುಗಳನ್ನು ಅದು ನೋಡಿದೆ. ಗೆಳೆಯ ಅದನ್ನು ತಪ್ಪದೆ ಇಟ್ಟುಕೊಂಡು ಹೋಗುತ್ತಾನೆ. ತಂದ ಮೇಲೆ ಅವ್ವನ ಕೈಗೇ ಕೊಡುತ್ತಾನೆ.

ಲೋಡಿನ ದಿನ ಅವ್ವ ಹೊಸ ಸರಪಳಿಯನ್ನು ನೋಡಿದಳು. ಅರಿಶಿನ ಕುಂಕುಮ ಹಚ್ಚಿ, "ಈ ಸಲ ಕುಡ ಬ್ಯಾಡ. ಇದಾ ಕಬ್ಬಿಣ, ಹೊಸಾದು, ಈ ದಾರಿ ಸಲುವಾಗೇ ಮಾಡಿಸಿದ್ದು. ಮೊದಲು ಇದನ್ನ ಇಡ್ರಿ" ಎಂದಳು. ಅದರಲ್ಲಿ ತಪ್ಪು ಹುಡುಕುವಂಥದು ನಮ್ಮಿಬ್ಬರಿಗೂ ಏನೂ ಕಾಣಲಿಲ್ಲ. ಸವದತ್ತಿಯ ಗೋದಾಮಿನ ಮುಂದೆ ಲಾರಿ ಹಚ್ಚಿ, ಸರಪಳಿಯನ್ನು ಸುರುಳಿ ಸುತ್ತಿ ಕ್ಯಾಬಿನ್ನಿನ ಹಿಂದಿನ ಗೋಡೆಗೆ ಒತ್ತಿ ಇಟ್ಟೆವು. ಮೇಲೆ ನಿಂಬೆಹಣ್ಣು. ಇಬ್ಬರೂ ಕೈ ಮುಗಿದೆವು. ಹಮಾಲರು ಚೀಲ ಹೊರಲು ಸುರು ಮಾಡಿದರು.

ಒಣ ಮೆಣಸಿನಕಾಯಿಯ ಲೋಡು ಎಂದರೆ ಭಾರಕ್ಕಿಂತ ಎತ್ತರ ಹೆಚ್ಚು. ಚೀಲದ ಮೇಲೆ ಚೀಲ ಏರಿ ಕ್ಯಾಬಿನ್ನಿನ ತಲೆ ದಾಟಿತು. ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ನಾನು ಸುತ್ತ ಮೂರು ಪ್ರದಕ್ಷಿಣೆ ಹಾಕಿ ತಾಡಪತ್ರಿಯ ಗಂಟು ನೋಡಿದೆ, ಹಗ್ಗ ಎಳೆದು ನೋಡಿದೆ, ಸ್ಟೆಪ್ನಿ ಒದ್ದು ನೋಡಿದೆ. ಕಾಶ್ಮೀರದಲ್ಲಿ ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ಮು ನಡೆಯುವುದಿಲ್ಲವೆಂದು ಹಟ ಹಿಡಿದು ಗೆಳೆಯನ ಸಿಮ್ಮು ಬದಲಾಯಿಸಿದ್ದೆ, ಆ ನಂಬರಿಗೆ ಹಚ್ಚಿ ನೋಡಿದೆ. ಎಲ್ಲ ಸರಿ ಇತ್ತು.

ಸರತಿಗೆ ಸ್ಟೇರಿಂಗು ಹಿಡಿಯಲು ಗೆಳೆಯನ ಷಡ್ಡಕ ಬಂದಿದ್ದ. ಮಾತು ಕಡಿಮೆ, ನಿದ್ದೆ ಹೆಚ್ಚು. ಲಾರಿ ರಾಮದುರ್ಗದ ಮೇಲೆ ಹೋಗುವುದಿತ್ತು. ನಾನೂ ಹತ್ತಿದೆ, ರಾಮದುರ್ಗದಲ್ಲಿ ನಮ್ಮ ಅಕ್ಕನ ಮನೆಯಿದೆ, ಅಲ್ಲಿಳಿದು ಬಸ್ಸಿಗೆ ಹಿಂತಿರುಗುವುದು ನನ್ನ ವಾಡಿಕೆ. ದಾರಿಯುದ್ದಕ್ಕೂ ನಿಯಮಗಳನ್ನು ಹೇಳುತ್ತ ಬಂದೆ. ಗೆಳೆಯ "ಹೂಂ, ಹೂಂ" ಎನ್ನುತ್ತಿದ್ದ. ಸವದತ್ತಿ ಬಿಟ್ಟು ಸ್ವಲ್ಪ ಹೊತ್ತಿಗೆ ಅವನು ಒಮ್ಮೆ ಹಿಂದಿನ ಗೋಡೆಯ ಕಡೆ ತಿರುಗಿ ನೋಡಿ, ತುಟಿ ಕಚ್ಚಿ, ಮತ್ತೆ ರಸ್ತೆ ನೋಡಿದ್ದು ನನಗೆ ಕಂಡಿತ್ತು. ಏನು ಎಂದು ಕೇಳಿದ್ದಕ್ಕೆ, "ಏನಿಲ್ಲ, ನೀ ಹೇಳ" ಎಂದ.

ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯೆ ಬಡಿಸಿ ಎದುರಿಗೆ ಕುಳಿತಳು. ಸರಪಳಿಯ ಸುದ್ದಿ ಅವಳಿಗೂ ಮುಟ್ಟಿತ್ತು. "ಅಷ್ಟು ದೊಡ್ಡ ಸರಪಳಿ ಎಲ್ಲಿ ಇಟ್ಟೀರೋ?" ಎಂದು ಸುಮ್ಮನೆ ಕೇಳಿದಳು.

"ಎಲ್ಲಕ್ಕಿಂತ ಮೊದಲು ಅದನ್ನೇ ಇಟ್ಟೇವಿ, ಅವ್ವ ಹೇಳಿದಂಗ. ಅದರ ಮ್ಯಾಲ…"

ರೊಟ್ಟಿ ಗಂಟಲಲ್ಲಿ ನಿಂತಿತು. ಅಕ್ಕ ಗಾಬರಿಯಾಗಿ ನೀರು ಕೊಟ್ಟಳು. ಕೈ ತೊಳೆಯದೆಯೇ ಗೆಳೆಯನಿಗೆ ಫೋನು ಹಚ್ಚಿದೆ. ಅವನು ಇನ್ನೂ ಲೋಕಾಪುರದ ಹತ್ತಿರ ಇದ್ದ.

"ಲೇ, ಸರಪಳಿ ಎಲ್ಲದಾ?"

ಆಚೆ ಕಡೆ ಅವನು ಗೇರು ಬದಲಿಸಿದ ಸಪ್ಪಳ ಕೇಳಿತು.

"ಗೊತ್ತಾತೇನು ನಿನಗ?"

"ಅಂದ್ರ ನಿನಗ ಮೊದಲಾ ಗೊತ್ತಿತ್ತು!"

"ಸವದತ್ತಿ ಬಿಟ್ಟ ಕೂಡ್ಲೇ ಗೊತ್ತಾತು. ನಿನಗ ಹೇಳಿದ್ರ ದಾರ್‍ಯಾಗ ನಿಂದ್ರಿಸಿ ಎಲ್ಲಾ ಚೀಲ ಇಳಿಸತಿದ್ದಿ."

"ಈಗರೇ ಇಳಿಸು!"

"ಹೊಟ್ಟಿ ತುಂಬ ಊಟ ಮಾಡ. ಮುಂದ ಎಲ್ಲೆರ ಹಮಾಲರನ್ನ ಹಿಡದು ತಗೀತೇನಿ. ಬರ್ಫ ಇನ್ನೂ ಬಾಳ ದೂರ ಐತಿ."

ಮನುಷ್ಯನ ಸ್ವಭಾವ. ಸೊಲ್ಲಾಪುರದಲ್ಲಿ ಕೇಳಿದರೆ ಮುಂದೆ ಎಂದ. ಮುಂದೆ ಕೇಳಿದರೆ ಅಲ್ಲಿಯ ಹಮಾಲರು ಸರಿ ಇಲ್ಲ ಎಂದ. ಪಂಜಾಬ ಮುಟ್ಟಿದಾಗ ಬಿಸಿಲು ಬಿದ್ದಿದೆ, ಚಿಂತೆ ಬೇಡ ಎಂದ. ಪ್ರಪಂಚದ ಎಲ್ಲ ಅಪಾಯಗಳನ್ನು ಎಣಿಸಿಟ್ಟ ನನ್ನ ತಲೆಗೆ, ಸರಪಳಿ ಕೈಗೆ ಎಟುಕುವಂತಿರಬೇಕು ಎಂಬ ಒಂದು ಮಾತು ಮಾತ್ರ ಹೊಳೆದಿರಲಿಲ್ಲ. ಯಾವ ದೇಶದ ನಿಯಮದಲ್ಲೂ ಅದನ್ನು ಬರೆದಿರಲಿಲ್ಲ. ಅಷ್ಟು ತಿಳಿಯದವರು ಇರುತ್ತಾರೆಂದು ಅವರಿಗೂ ಅನಿಸಿರಲಿಕ್ಕಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಗೆಳೆಯನ ವಿಡಿಯೋ ಕಾಲ್ ಬಂತು. ನಾನು ಅಂಗಳದಲ್ಲಿದ್ದೆ. ಅವ್ವ, ಹೆಂಡತಿ ಇಬ್ಬರೂ ಬಂದು ಮೊಬೈಲಿಗೆ ಮುಖ ಹಚ್ಚಿದರು. ಪರದೆಯ ತುಂಬ ಬಿಳುಪು.

"ನೋಡ್ರಿ ಅವ್ವಾರ, ಬರ್ಫ!" ಗೆಳೆಯನ ದನಿ ಹಿಗ್ಗಿನಿಂದ ನಡುಗುತ್ತಿತ್ತೋ ಚಳಿಯಿಂದಲೋ ತಿಳಿಯಲಿಲ್ಲ. "ಬೀಳಾಕ ಹತ್ತೈತಿ. ಹತ್ತಿ ಸುಗ್ಗಿ ಒಳಗ ನಮ್ಮ ಜಿನ್ನಿನ ಅಂಗಳ ಇರತೈತಲ್ಲ, ಹಂಗ."

"ಚಂದ ಅದಪಾ. ತಲೀಗೆ ಏನರೇ ಕಟಗೋ" ಎಂದಳು ಅವ್ವ.

ನಾನು ಕೇಳಿದೆ: "ಚೆಕ್‌ಪೋಸ್ಟ್?"

ಅವನು ಮೊಬೈಲನ್ನು ತನ್ನ ಮುಖಕ್ಕೆ ತಿರುಗಿಸಿದ. ಹಿಗ್ಗು ಇಳಿದಿತ್ತು. ಗುಡ್ಡದ ಕೆಳಗಿನ ಊರಿನಲ್ಲಿ ಲಾರಿಗಳನ್ನೆಲ್ಲ ನಿಲ್ಲಿಸಿದ್ದರು. ಸರಪಳಿ ತೋರಿಸಿದವರನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಬಿಡುತ್ತಿದ್ದರು. ಇವನು ಪೊಲೀಸರಿಗೆ, ಸರಪಳಿ ಇದೆ ಸಾಹೇಬರೇ, ಚೀಲದ ಕೆಳಗಿದೆ ಎಂದನಂತೆ. ಅವರು, ಸರಪಳಿ ಕಟ್ಟಬೇಕಾದದ್ದು ಗಾಲಿಗೋ ಮೆಣಸಿನಕಾಯಿಗೋ ಎಂದು ಕೇಳಿ ಪಕ್ಕಕ್ಕೆ ಕೈ ತೋರಿಸಿದರಂತೆ. ತಾಡಪತ್ರಿ ಬಿಚ್ಚಿ ಚೀಲ ಇಳಿಸೋಣವೆಂದರೆ ಮೇಲಿಂದ ಹಿಮ ಸುರಿಯುತ್ತಿದೆ. ಮೆಣಸಿನಕಾಯಿಗೆ ತೇವ ತಾಗಿದರೆ ಲೋಡೇ ಬೂಸು ಹಿಡಿಯುತ್ತದೆ.

"ಇಲ್ಲೊಬ್ಬ ಬಾಡಿಗೀ ಸರಪಳಿ ಕೊಡಾಕ ಬಂದಾನ" ಎಂದ. "ಕಟ್ಟಿ ನೋಡಿದ್ನಿ."

ಇವನು ಎಂದೂ ಎಲ್ಲೂ ನಿಲ್ಲದವನು; ಮುಂದಿನ ಲಾರಿ ಹೋಯಿತೆಂದರೆ ಕಾಲು ತಾನಾಗಿ ಎಕ್ಸಲೇಟರಿಗೆ ಹೋಗುವವನು. ಅಲ್ಲದೆ ಈ ಫೇರಿಯ ಮೇಲೆ ಅವನ ದಾರಿಯೇ ನಿಂತಿತ್ತು. ನಿಂತರೆ ತಡ, ತಡವಾದರೆ ಎಡವಟ್ಟು, ಎಡವಟ್ಟಾದರೆ ಕಬ್ಬು, ಉಳ್ಳಾಗಡ್ಡಿ.

"ಕೂತಿತೇನು?"

"ಇಲ್ಲ. ಸಣ್ಣ ಗಾಲಿಗೆ ಮಾಡಿದ್ದನ್ನ ತಂತಿ ಹಾಕಿ ಉದ್ದ ಮಾಡ್ಯಾನ. ಅಲ್ಲಾಡತೈತಿ. ನಡೀತೈತಿ ನಡೀತೈತಿ ಅಂತಾನ." ಆಮೇಲೆ ಬೇರೆ ದನಿಯಲ್ಲಿ ಹೇಳಿದ: "ಬ್ಯಾಡ ಅಂದ್ನಿ. ಚಚಡಿ ದಾರ್‍ಯಾಗ ಬಡದ ಸಪ್ಪಳ ಇನ್ನೂ ಕಿವ್ಯಾಗ ಐತಿ. ಬಾಜೂಕ ಹಚ್ಚಿ ನಿಂತೇನಿ. ಆಕಾಶ ಬಿಚ್ಚೂತನಾ ಕಾಯತೇನಿ. ಸೋತ್ನೇನು ದೋಸ್ತ?"

ಒಪ್ಪಂದದ ಪ್ರಕಾರ ಹೌದು. ಆ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನಾನು ಬೇಡಿದ್ದು ಕೈಗೆ ಬಂದಿತ್ತು. ಲಾರಿ ಇನ್ನು ಸಂಜೆ ಸಂಜೆ ಮನೆಗೆ ಬರುತ್ತದೆ, ನಾನು ಹೊಟ್ಟೆ ತುಂಬ ಉಂಡು ಮಲಗಬಹುದು. ಪರದೆಯಲ್ಲಿ ಅವನ ಹುಬ್ಬಿನ ಮೇಲೆ ಹಿಮದ ಹರಳು ಕೂತಿದ್ದವು. ಹಿಂದಿನಿಂದ ಷಡ್ಡಕ ಗೊರಕೆ ಹೊಡೆಯುವುದು ಕೇಳುತ್ತಿತ್ತು.

"ಮೊದಲು ಬಿಸಿ ಚಹಾ ಕುಡಿ" ಎಂದೆ. "ಸೋಲು ಗೆಲುವು ಮನಿಗೆ ಬಂದ ಮ್ಯಾಲೆ."

ಅವನು ಕಾದ. ಮರುದಿನವೂ ಕಾದ. ವ್ಯಾಪಾರಿ ನನಗೆ ಫೋನಿನ ಮೇಲೆ ಫೋನು ಮಾಡಿ, "ಏನ್ರಿ, ಬರ್ಫಿನಾಗ ಮೆಣಸಿನಕಾಯಿ ಬಿತ್ತಾಕ ಹತ್ತ್ಯಾರೇನು?" ಎಂದು ಚುಚ್ಚಿದರು. ನಾನು ಗಂಟೆಗೊಮ್ಮೆ ಅಲ್ಲಿಯ ಹವಾಮಾನ ನೋಡುತ್ತಿದ್ದೆ. ಆಶ್ಚರ್ಯವೆಂದರೆ ನನಗೆ ಹೆಚ್ಚು ಹೆದರಿಕೆಯಾಗುತ್ತಿರಲಿಲ್ಲ. ನಿಂತ ಲಾರಿಗೆ ಏನಾಗುತ್ತದೆ? ಅದರ ಮೊದಲು, ಇಷ್ಟು ವರ್ಷಗಳಲ್ಲಿ, ಅವನು ನಿಲ್ಲಬಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಗೆಳೆಯನಿಂದಲೇ ತಿಳಿದದ್ದು: ಅವತ್ತು ಸರಪಳಿ ಕಟ್ಟಿಕೊಂಡು ಮೇಲೆ ಹೋದ ಲಾರಿಗಳ ಮುಂದೆ ಗುಡ್ಡದ ಮಣ್ಣು ಕುಸಿದು, ಅವು ಅಲ್ಲೇ ನಡುದಾರಿಯಲ್ಲಿ ಸಾಲಾಗಿ ನಿಂತವು. ಯಾರಿಗೂ ಏನೂ ಆಗಲಿಲ್ಲ, ಆದರೆ ಚಹಾ ಇಲ್ಲ, ಬೆಂಕಿ ಇಲ್ಲ. ಕೆಳಗಿನ ಊರಲ್ಲಿ ನಮ್ಮವರು ಒಂದು ಢಾಬಾದ ಒಲೆಯ ಮುಂದೆ ಕುಳಿತು, ಕಟ್ಟಿಕೊಂಡು ಹೋಗಿದ್ದ ಶೇಂಗಾ ಚಟ್ನಿಯನ್ನು ಊರವರಿಗೆಲ್ಲ ಹಂಚಿ ದೋಸ್ತಿ ಮಾಡಿಕೊಂಡಿದ್ದರು. ಬಿಸಿಲು ಬಿದ್ದು ದಾರಿ ಬಿಟ್ಟಾಗ ರಸ್ತೆ ಕರ್ರಗೆ ಒಣಗಿತ್ತು. ಸರಪಳಿ ಬೇಕಾಗಲೇ ಇಲ್ಲ. ಮೆಣಸಿನಕಾಯಿ ಗರಿಗರಿಯಾಗಿ ಮುಟ್ಟಿತು. ಬರುವಾಗ ಸೇಬಿನ ಪೆಟ್ಟಿಗೆ ಹೇರಿಕೊಂಡು, ಸರಪಳಿಯನ್ನು ಕ್ಯಾಬಿನ್ನಿನಲ್ಲಿ ಕಾಲ ಬಳಿಯೇ ಇಟ್ಟುಕೊಂಡು ಬಂದರು. ಒಂದು ಇಳಿಜಾರಿನಲ್ಲಿ ಮಾತ್ರ ಕಟ್ಟಿದರಂತೆ. ಸ್ವಲ್ಪ ದೂರ ಹೋಗಿ ಇಳಿದು ಮತ್ತೆ ಬಿಗಿದೆ ಎಂದು ಗೆಳೆಯ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ನಂಬಿದೆ.

ಅವನು ಬಂದ ದಿನ ನಮ್ಮ ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ಗೆಳೆಯ ಸರಪಳಿಯನ್ನು ಮೊದಲು ಅವ್ವನ ಮುಂದಿಟ್ಟ. ಕುಂಕುಮ ಅಳಿಸಿಹೋಗಿತ್ತು, ಬದಲಿಗೆ ಮೆಣಸಿನಕಾಯಿಯ ಬೀಜ ಕೊಂಡಿಕೊಂಡಿಗೂ ಅಂಟಿತ್ತು.

"ಹೇಳಪಾ ಈಗ" ಎಂದ ನನಗೆ. "ತಡಾ ಆಗೈತಿ. ಸರಪಳಿ ಕೆಳಗ ಹೋಗಿತ್ತು. ನಿನ್ನ ಲೆಕ್ಕದಾಗ ಇದು ಎಡವಟ್ಟ."

ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವ್ವ, "ಎಡವಟ್ಟು ಹೆಂಗ? ಸರಪಳಿ ಮ್ಯಾಲ ಇದ್ದಿದ್ರ ನೀನೂ ಅವರ ಹಿಂದ ಹೋಗಿ ಥಂಡ್ಯಾಗ ಕೂಡತಿದ್ದಿ. ಕೆಳಗ ಇಡ್ರಿ ಅಂತ ಹೇಳಿದವರು ಯಾರು?" ಎಂದು ಎಲ್ಲರ ಮುಖ ನೋಡಿದಳು.

ಒಪ್ಪಂದದ ಸಾಕ್ಷಿಯಾದ ನನ್ನ ಹೆಂಡತಿ ಸೇಬು ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಸುರಳೀತ ಅಂದ್ರ ಲಗೂನ ಮುಟ್ಟೂದು ಅಂತ ಯಾರೂ ಹೇಳಿರಲಿಲ್ಲ. ಮನೀಗೆ ಬಂದಾರಿಲ್ಲೋ? ಅದಾ ಸುರಳೀತ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೆಳೆಯನ ಕಡೆ ನೋಡಿದೆ. ಗೆದ್ದವನ ಹಾಗೆ ನಗುತ್ತಿರಬಹುದು ಎಂದುಕೊಂಡಿದ್ದೆ. ಅವನು ಸಾಲಿಯಲ್ಲಿ ರಿಸಲ್ಟು ಓದುವಾಗ ಕೂತಂತೆ ಮೊಣಕಾಲ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ.

"ಲೈನು ಇರಲಿ" ಎಂದೆ. "ಆದ್ರ ನಿಲ್ಲೂದು ಬಿಡಬ್ಯಾಡ."

ಈ ವರ್ಷ ಮತ್ತೆ ಅದೇ ವ್ಯಾಪಾರಿ, ಅದೇ ಗೋದಾಮು. ತಡ ಮಾಡಿದರೂ ಒಣ ಮಾಲು ಮುಟ್ಟಿಸಿದ್ದು ಅವರಿಗೆ ನೆನಪಿತ್ತು. ಸರಪಳಿ ಕ್ಯಾಬಿನ್ನಿನಲ್ಲೇ ಇರಬೇಕೆಂದು ನಾನು ತಿಂಗಳ ಮೊದಲೇ ಸಾರಿದ್ದೆ. ಅವ್ವ ಒಪ್ಪಲಿಲ್ಲ. ಹೋದ ವರ್ಷ ಕಾಯ್ದದ್ದು ಅದೇ, ಈ ವರ್ಷವೂ ತಳಕ್ಕೆ ಅದೇ ಬೀಳಬೇಕು. ಕುಡ ಕೊಟ್ಟರೆ ಬೇಡವೆಂದಳು. ನಾನು ನಿಯಮ ಹೇಳಿದೆ, ಅವಳು ಅನುಭವ ಹೇಳಿದಳು. ಎಪ್ಪತ್ತೆಂಟು ವರ್ಷದ ಅನುಭವದ ಮುಂದೆ ಮೊಬೈಲಿನ ನಿಯಮ ಎಷ್ಟು ಹೊತ್ತು ನಿಲ್ಲುತ್ತದೆ?

ಗೆಳೆಯ ಸುಮ್ಮನೆ ಒಳಗೆ ಹೋಗಿ, ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಆ ಒಂದು ಕೊಂಡಿಯನ್ನು ತಂದ. ಕಿತ್ತೂರಿನವನು ಹೆಚ್ಚಿನದೆಂದು ಕೊಟ್ಟದ್ದು.

"ಅವ್ವಾರ, ಇದು ನಡೀತೈತೇನ್ರಿ?"

ಅವ್ವ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. "ಅದರದಾ ಕೂಸಲ್ಲೇನು? ನಡೀತದ" ಎಂದು ಕುಂಕುಮ ಹಚ್ಚಿದಳು.

ಕೊಂಡಿ ತಳಕ್ಕೆ ಹೋಯಿತು, ಮೇಲೆ ನಿಂಬೆಹಣ್ಣು, ಅದರ ಮೇಲೆ ಮೆಣಸಿನಕಾಯಿ. ಸರಪಳಿಯನ್ನು ಕ್ಯಾಬಿನ್ನಿನಲ್ಲಿ ನನ್ನ ಕಾಲ ಬಳಿ ಇಟ್ಟುಕೊಂಡು ರಾಮದುರ್ಗದ ತನಕ ಹೋದೆ. ಇಳಿಯುವಾಗ ಅದನ್ನು ಒಮ್ಮೆ ಮುಟ್ಟಿ ನೋಡಿದೆ. ಗೆಳೆಯ, "ಐತಿ, ಐತಿ, ಎಲ್ಲೂ ಹೋಗಿಲ್ಲ. ಇಳೀ ಇನ್ನ" ಎಂದ.

ಅಕ್ಕನ ಮನೆಯಲ್ಲಿ ಈ ಸಲ ರೊಟ್ಟಿ ಸರಾಗವಾಗಿ ಇಳಿಯಿತು. ಎರಡನೇ ರೊಟ್ಟಿಗೆ ಮಾತ್ರ, ಒಂದು ವೇಳೆ ಆ ಕೊಂಡಿಯೇ ಅಲ್ಲಿ ಬೇಕಾದರೆ ಎಂಬ ಯೋಚನೆ ಬಂತು. ಫೋನು ಹಚ್ಚಿದೆ.

"ಏನಲೇ?" ಎಂದ ಗೆಳೆಯ. "ಇನ್ನೂ ಲೋಕಾಪುರ ಬಂದಿಲ್ಲೋ ಮಾರಾಯಾ."